ಕಣ್ಣೀರಿಗೆ ಖರ್ಚಿಲ್ಲ

ನಮ್ಮವ್ವ ‘ಕಸ್ತೂರಿ ನಿವಾಸ’ ಎಷ್ಟು ಸಲ ನೋಡಿದ್ದಾಳೋ ಲೆಕ್ಕ ಇಟ್ಟಿಲ್ಲ. 1971ರ ಸಿನಿಮಾ. ಕತೆ ಗೊತ್ತು, ಕೊನೆಯೂ ಗೊತ್ತು. ಆದರೂ ಪ್ರತಿಸಲ ಸೆರಗಿನಿಂದ ಕಣ್ಣು ಒರೆಸಿಕೊಳ್ತಾಳೆ. ಇಂಜಿನಿಯರಿಂಗ್ ಓದುವಾಗ ರಜೆಗೆ ಊರಿಗೆ ಬಂದರೆ ಚಾಷ್ಟಿ ಮಾಡ್ತಿದ್ದೆ: “ಏನಬೇ, ಈ ಸಲ ಬ್ಯಾರೆ ಆಗ್ತೈತಿ ಅಂತ ಮಾಡಿಯೇನು?”

ಅಷ್ಟು ಅಂದು ಒಳಗೆ ಹೋಗಿ ನಾನು ಓದ್ತಿದ್ದದ್ದು ಹ್ಯಾರಿ ಪಾಟರ್, ಅದೂ ಮೂರನೇ ಸಲ! ಆ ಏಳು ಪುಸ್ತಕಗಳಲ್ಲಿ ಕೋಲು ಬೀಸಿದರೆ ಬೀಗ ತೆರೆಯುತ್ತದೆ, ಸಾಮಾನು ಹಾರುತ್ತವೆ. ಸತ್ತವರನ್ನು ಬದುಕಿಸುವ ಮಂತ್ರ ಮಾತ್ರ ಇಲ್ಲ. ಆ ಒಂದು ನಿಯಮ ತೆಗೆದರೆ ಪುಸ್ತಕ ಸಪ್ಪೆ. ಅವ್ವನ ಸಿನಿಮಾದಲ್ಲೂ ಹಂಗೇ ಒಂದು ನಿಯಮ ಐತಿ: ರಾಜ್‌ಕುಮಾರರ ಪಾತ್ರಕ್ಕೆ ಕೇಳಿದವರಿಗೆ ‘ಇಲ್ಲ’ ಅನ್ನಲಿಕ್ಕೆ ಬರೋದಿಲ್ಲ. ಬೆಂಕಿಪೊಟ್ಟಣದ ಕಾರ್ಖಾನೆ ಕೈಬಿಟ್ಟರೂ ಬರೋದಿಲ್ಲ. ದೊಡ್ಡಾಟದಲ್ಲಿ ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೇ ರೋಣದ ಸುತ್ತಿನ ಹಳ್ಳಿಯ ಮಂದಿ ಬೆಳತನಕ ಕೂತಿರ್ತಾರಲ್ಲ, ಅದೂ ಇದಕ್ಕೇ. ತಪ್ಪಿಸಿಕೊಳ್ಳಲಿಕ್ಕೆ ದಾರಿ ಇದ್ದೂ ಇವ ತಪ್ಪಿಸಿಕೊಳ್ಳೋದಿಲ್ಲ, ಅದನ್ನು ನೋಡೋದೇ ಸುಖ.

2014ರಲ್ಲಿ ಆ ಕಪ್ಪು-ಬಿಳುಪು ಸಿನಿಮಾಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ಬೆಂಗಳೂರಿನ ಥಿಯೇಟರ್‌ನಲ್ಲಿ ಒಬ್ಬನೇ ನೋಡಿದೆ. ಅತ್ತೆ.

ಅದೇ ವಾರ ಗಜೇಂದ್ರಗಡದ ಗೆಳೆಯನ ಫೋನು ಬಂತು. ಸೀರೆ ನೇಯುವ ಮನೆತನ. ನೂಲಿಗೆ ಹತ್ತು ಸಾವಿರ ಬೇಕಾಗಿತ್ತು. “ಈ ತಿಂಗಳ ಭಾಳ ಟೈಟ್ ಐತಿ ದೋಸ್ತ” ಅಂದೆ. ಟೈಟ್ ಇರಲಿಲ್ಲ.

ಹಂಗಾದರೆ ನಾಲ್ಕು ದಿನದ ಹಿಂದಿನ ಆ ಕಣ್ಣೀರು ಸುಳ್ಳೇನು? ಸುಳ್ಳು ಅಂತ ನನಗೆ ಅನಿಸೋದಿಲ್ಲ. ತೆರೆ ಮೇಲಿನವ ನನ್ನ ಹತ್ತಿರ ಏನೂ ಕೇಳೋದಿಲ್ಲ, ಅದಕ್ಕೇ ಅವನ ಸಂಕಟ ನಿಚ್ಚಳ ಕಾಣ್ತದೆ. ಫೋನಿನಲ್ಲಿದ್ದವನು ಕೇಳಿದ, ಕೇಳಿದ ಕೂಡಲೇ ಅವನ ಮುಖ ಮರೆಯಾಗಿ ನನ್ನ ಇಎಂಐ ಕಂಡಿತು. ಸಿನಿಮಾ ನನ್ನನ್ನು ಒಳ್ಳೆಯವನನ್ನಾಗಿ ಮಾಡಿತು ಅಂತ ಅಂದುಕೊಂಡಿದ್ದೆ. ಅದು ಮೂರು ತಾಸು ಒಳ್ಳೆಯವನಾಗಿ ಕೂಡಲು ಕುರ್ಚಿ ಕೊಟ್ಟಿತ್ತು, ಅಷ್ಟೇ. ಆದರೆ ಅದೇ ಸಿನಿಮಾ ನೋಡಿದ ಅವ್ವ, ತಾನೇ ಅಂಗಡಿಯಲ್ಲಿ ಉದ್ರಿ ಹೇಳಿದ ದಿನವೂ, ಕೇಳಿ ಬಂದವರಿಗೆ ಜೋಳ ಅಳೆದು ಕೊಟ್ಟಿದ್ದನ್ನು ಕಂಡಿದ್ದೇನೆ. ಅದು ಸಿನಿಮಾದಿಂದ ಬಂತೋ, ಮೊದಲೇ ಇತ್ತೋ.

ಅವ್ವನ ಮುಂದೆ ಹೇಳಿದೆ. ಆಕೆ ಬೈಯಲಿಲ್ಲ. “ಮತ್ತ ಫೋನ್ ಹಚ್ಚಿದ್ಯಾ?” ಅಂತ ಕೇಳಿದಳು.

ಹಚ್ಚಿದೆ. ಎಂಟು ದಿನ ಆಗಿಹೋಗಿತ್ತು.

“ಬ್ಯಾಡ ಬಿಡಪಾ” ಅಂದ, “ಸಾವುಕಾರನ ಕಡೆ ತಗೊಂಡೆ.”