ಒರೆ ಸೇರಿದ ಕತ್ತಿ



ರೋಮ್ ನಗರಕ್ಕೆ ಯಾತ್ರೆ ಹೋದವರು ಸಂತ ಪೇತ್ರರ ಮಹಾದೇವಾಲಯಕ್ಕೆ ಸಮೀಪದಲ್ಲೇ, ಟೈಬರ್ ನದಿಯ ದಡದಲ್ಲಿ, ದುಂಡಗಿನ ಭಾರೀ ಕಟ್ಟಡವೊಂದನ್ನು ಕಂಡಿರುತ್ತಾರೆ. ಅದು ಕಾಸ್ತೆಲ್ ಸಾಂತ್ ಆಂಜೆಲೊ, ಅಂದರೆ ಪವಿತ್ರ ದೂತರ ಕೋಟೆ. ಚಕ್ರವರ್ತಿ ಹೇಡ್ರಿಯನ್ ಅದನ್ನು ತನಗೂ ತನ್ನ ಮನೆತನಕ್ಕೂ ಸಮಾಧಿಯಾಗಲೆಂದು ಕಟ್ಟಿಸತೊಡಗಿದ. ಅದು ಮುಗಿದದ್ದು ಅವನು ತೀರಿಕೊಂಡ ಮರುವರ್ಷ, ಕ್ರಿ.ಶ. 139ರಲ್ಲಿ. ಮುಂದೆ ಅದು ಕೋಟೆಯಾಯಿತು, ಸೆರೆಮನೆಯೂ ಆಯಿತು. 1925ರಿಂದ ವಸ್ತುಸಂಗ್ರಹಾಲಯವಾಗಿದೆ.

ಅಲ್ಲಿನ ಕಲ್ಲುಗಳು ನಮ್ಮ ಕುಟುಂಬಗಳಿಗೆ ಹೇಳುವ ಮಾತೊಂದಿದೆ. 537ರಲ್ಲಿ ಗೋಥರು ಮುತ್ತಿಗೆ ಹಾಕಿದಾಗ, ಒಳಗಿದ್ದ ಸೈನಿಕರು ಸಮಾಧಿಯ ಅಂದಕ್ಕೆಂದು ನಿಲ್ಲಿಸಿದ್ದ ಅಮೃತಶಿಲೆಯ ಪ್ರತಿಮೆಗಳನ್ನೇ ಒಡೆದು ಶತ್ರುಗಳ ಮೇಲೆ ಎಸೆದರು. ಕೋಟೆ ಉಳಿಯಿತು, ಪ್ರತಿಮೆಗಳು ಉಳಿಯಲಿಲ್ಲ. ಆಸ್ತಿಯ ಪಾಲಿಗಾಗಿ ಅಣ್ಣತಮ್ಮಂದಿರು ಎದುರುಬದುರಾಗಿ ನಿಂತಾಗ ಎಸೆಯುವುದೂ ಇಂಥವನ್ನೇ ಅಲ್ಲವೇ? ಅಪ್ಪನ ಹೆಸರು, ಅಮ್ಮನ ಕಣ್ಣೀರು, ಒಂದೇ ತಟ್ಟೆಯಲ್ಲಿ ಉಂಡ ಬಾಲ್ಯ! ಗೆದ್ದ ಮೇಲೆ ಮನೆಯಲ್ಲಿ ಏನು ಉಳಿದೀತು?

1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಸೈನ್ಯ ರೋಮನ್ನು ಕೊಳ್ಳೆ ಹೊಡೆಯಿತು. ಜಗದ್ಗುರು ಏಳನೇ ಕ್ಲೆಮೆಂಟರು ಗೋಡೆಯ ಮೇಲಣ ದಾರಿಯಲ್ಲಿ ಓಡಿಬಂದು ಇಲ್ಲಿ ಆಶ್ರಯ ಪಡೆದರು. ಜೂನ್‌ನಲ್ಲಿ ಶರಣಾಗಬೇಕಾಯಿತು. ಆಶ್ರಯ ಕೊಟ್ಟ ಕೋಟೆಯೇ ಡಿಸೆಂಬರ್ ತನಕ ಅವರಿಗೆ ಸೆರೆಮನೆಯಾಯಿತು. "ಅವರ ಮುಖ ನೋಡುವುದಿಲ್ಲ, ಅವರ ಹೊಸಿಲು ತುಳಿಯುವುದಿಲ್ಲ" ಎಂದು ನಾವು ಎಬ್ಬಿಸುವ ಗೋಡೆಯೂ ಹಾಗೆಯೇ. ಮೊದಲು ಅದು ನಮ್ಮನ್ನು ಕಾಯುವಂತೆ ತೋರುತ್ತದೆ. ವರ್ಷಗಳು ಕಳೆದಂತೆ ನಾವೇ ಅದರೊಳಗೆ ಬಂದಿಗಳಾಗುತ್ತೇವೆ.

ಆ ಕೋಟೆಯ ನೆತ್ತಿಯಲ್ಲಿ ಮಹಾದೂತ ಮಿಕಾಯೇಲರ ಕಂಚಿನ ಪ್ರತಿಮೆಯಿದೆ. 590ರಲ್ಲಿ ರೋಮ್ ಮಹಾಮಾರಿಯಿಂದ ನರಳುತ್ತಿತ್ತು. ಸಂತ ಗ್ರೆಗೊರಿಯವರು ಜನರೊಡನೆ ಪ್ರಾರ್ಥಿಸುತ್ತಾ ಮೆರವಣಿಗೆಯಲ್ಲಿ ಬರುವಾಗ, ದೂತರು ಅಲ್ಲಿ ನಿಂತು ಕತ್ತಿಯನ್ನು ಒರೆಗೆ ಸೇರಿಸುವುದನ್ನು ಕಂಡರು, ರೋಗವೂ ಶಮನವಾಯಿತು ಎಂಬುದು ಐತಿಹ್ಯ. ಅಷ್ಟು ಯುದ್ಧಗಳನ್ನು ಕಂಡ ಕೋಟೆಯ ಮೇಲೆ ನಿಂತಿರುವುದು ಕತ್ತಿ ಇಳಿಸುವ ದೂತ! ಗೆತ್ಸೆಮನೆ ತೋಪಿನಲ್ಲಿ ಪ್ರಭು ಯೇಸು ಪೇತ್ರರಿಗೆ ಕೊಟ್ಟ ಅಪ್ಪಣೆಯೂ ಕತ್ತಿಯನ್ನು ಒರೆಗೆ ಸೇರಿಸು ಎಂದೇ ಅಲ್ಲವೇ?

ಪ್ರಿಯರೇ, ಬರುವ ಭಾನುವಾರ ಬಲಿಪೂಜೆಯಲ್ಲಿ ಪಕ್ಕದವರಿಗೆ ಶಾಂತಿ ಕೋರುವ ಮುನ್ನ, ಮಾತು ಬಿಟ್ಟಿರುವ ಒಡಹುಟ್ಟಿದವರನ್ನು ನೆನೆಯಿರಿ. ತಪ್ಪು ಯಾರದೆಂಬ ಲೆಕ್ಕ ಆಮೇಲಾಗಲಿ, ನೀವೇ ಮೊದಲು ಅವರ ಮನೆಗೆ ಹೋಗಿರಿ. ಒಂದು ಕಾಲದ ಸಮಾಧಿಯ ಬಾಗಿಲು ಇಂದು ಬಂದವರಿಗೆಲ್ಲ ತೆರೆದಿದೆ. ನಮ್ಮ ಮನೆಯ ಬಾಗಿಲು ಮುಚ್ಚಿರಬೇಕೇ?