ಎರವಲು ಹೆಸರಿನ ಬದುಕು

ಅನಾಹುತಕ್ಕೆಲ್ಲ ಮೂಲ ಒಂದು ಎರವಲು ಕೋಟು. ಆಂಟನಿ ಮಿಂಗೆಲ್ಲಾ ನಿರ್ದೇಶಿಸಿದ, 1999ರ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಚಿತ್ರ ನೋಡಿದವರಿಗೆ ಅದು ಮರೆತಿರಲಾರದು. ನ್ಯೂಯಾರ್ಕಿನ ಸಿರಿವಂತರ ಕೂಟದಲ್ಲಿ ಪಿಯಾನೊ ನುಡಿಸಲು ಬಂದ ಬಡ ಯುವಕ ಟಾಮ್ ರಿಪ್ಲಿ ತೊಟ್ಟಿರುವುದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೋಟು. ಹಡಗು ಕಟ್ಟುವ ಉದ್ಯಮಿ ಹರ್ಬರ್ಟ್ ಗ್ರೀನ್‌ಲೀಫ್ ಅದನ್ನು ಕಂಡು, ಇವನು ತಮ್ಮ ಮಗ ಡಿಕಿಯ ಜೊತೆ ಓದಿದವನೆಂದು ಭಾವಿಸುತ್ತಾರೆ. ಟಾಮ್ ಅಲ್ಲವೆನ್ನುವುದಿಲ್ಲ, ಕಂಡೇ ಇರದ ಡಿಕಿಯ ಯೋಗಕ್ಷೇಮ ವಿಚಾರಿಸುತ್ತಾನೆ. ಮಗನನ್ನು ಇಟಲಿಯಿಂದ ಕರೆತರಲು ಸಾವಿರ ಡಾಲರ್ ಕೊಟ್ಟು ಅವರು ಇವನನ್ನೇ ಕಳಿಸುತ್ತಾರೆ.

ಇಲ್ಲಿ ಯಾರೂ ಸಂಚು ಹೂಡಿಲ್ಲ ಎಂಬುದನ್ನು ನಾವು ಗಮನಿಸಬೇಕು. ಮೊದಲು ತಪ್ಪು ತಿಳಿದವರು ಇನ್ನೊಬ್ಬರು. ಟಾಮ್ ಮಾಡಿದ್ದು ಅದನ್ನು ತಿದ್ದದೆ ಉಳಿದದ್ದು. ನಮಗೆ ಸಲ್ಲದ ಹೊಗಳಿಕೆ ನಮ್ಮ ಪಾಲಿಗೆ ಬಂದಾಗ, ನಾವು ಓದದ ಪುಸ್ತಕವನ್ನು ಓದಿದ್ದೇವೆಂದು ಯಾರೋ ನಂಬಿದಾಗ, ನಾವೂ ಒಂದು ಗಳಿಗೆ ಸುಮ್ಮನಿದ್ದುಬಿಟ್ಟಿಲ್ಲವೇ? ಆ ಮೌನ ಎಲ್ಲರನ್ನೂ ಕೊಲೆಯವರೆಗೆ ಒಯ್ಯುವುದಿಲ್ಲ, ನಿಜ. ಆದರೆ ಟಾಮ್ ಕಾಲಿಟ್ಟ ಮೊದಲ ಮೆಟ್ಟಿಲು ನಮಗೆ ಅಪರಿಚಿತವೇನಲ್ಲ.

ಡಿಕಿಯ ಐಶ್ವರ್ಯ ಕಂಡು ಟಾಮ್ ಮರುಳಾದ ಎಂದೇ ನಾವು ಸಾಮಾನ್ಯವಾಗಿ ಹೇಳಿಕೊಳ್ಳುತ್ತೇವೆ. ಚಿತ್ರ ತೋರಿಸುವುದು ಬೇರೆ. ಇಟಲಿಯಲ್ಲಿ ಹಡಗಿಳಿದ ಕೂಡಲೇ, ಡಿಕಿಯ ಮುಖವನ್ನೂ ನೋಡುವ ಮೊದಲೇ, ಮೆರೆಡಿತ್ ಎಂಬ ಸಿರಿವಂತ ಯುವತಿಗೆ ಅವನು ತನ್ನನ್ನು ಡಿಕಿ ಗ್ರೀನ್‌ಲೀಫ್ ಎಂದೇ ಪರಿಚಯಿಸಿಕೊಳ್ಳುತ್ತಾನೆ. ಹಾಗಾದರೆ ಅವನಿಗೆ ಬೇಕಿದ್ದದ್ದು ಏನು? ಹಣವೇ? ಡಿಕಿಯ ಸ್ನೇಹವೇ? ಅವೆಲ್ಲ ಆಮೇಲೆ ಬಂದವು. ಅದಕ್ಕೂ ಮೊದಲಿದ್ದದ್ದು ಟಾಮ್ ರಿಪ್ಲಿ ಆಗಿರುವುದೇ ಬೇಡವೆಂಬ ಹಂಬಲ. ತನ್ನ ಬಗ್ಗೆ ತನಗಿರುವ ನಾಚಿಕೆ ದುರಾಸೆಗಿಂತ ಆಳವಾದದ್ದು. ಆಸೆಗಾದರೂ ಒಂದು ತೃಪ್ತಿಯುಂಟು, ನಾಚಿಕೆಗೆ ಎಲ್ಲಿಯ ತೃಪ್ತಿ?

ಸಾನ್ ರೆಮೊದ ಕಡಲಲ್ಲಿ, ದೋಣಿಯ ಜಗಳದಲ್ಲಿ, ಟಾಮ್‌ನ ಕೈಯಿಂದ ಡಿಕಿಯ ಜೀವ ಹೋಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ರೋಮ್. ಅಲ್ಲಿ ಟಾಮ್ ಒಂದು ಹೋಟೆಲಿನಲ್ಲಿ ಡಿಕಿಯಾಗಿ, ಇನ್ನೊಂದರಲ್ಲಿ ಟಾಮ್ ಆಗಿ ಕೋಣೆ ಹಿಡಿಯುತ್ತಾನೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಫೋನ್ ಮಾಡಿ, ತನಗೆ ತಾನೇ ಸಂದೇಶ ಬಿಡುತ್ತಾನೆ. ಇಬ್ಬರು ಗೆಳೆಯರು ಒಂದೇ ಊರಿನಲ್ಲಿದ್ದಾರೆ ಎಂದು ಲೋಕ ನಂಬಬೇಕು. ಎರಡು ಕೋಣೆಗಳ ಬಾಡಿಗೆ ತೆರುವ ಈ ಮನುಷ್ಯ ಯಾವ ಕೋಣೆಯಲ್ಲಿ ನಿಶ್ಚಿಂತೆಯಿಂದ ಮಲಗಿಯಾನು?

ಇಷ್ಟಾದರೂ ನಮ್ಮ ಮನಸ್ಸು ಯಾರ ಕಡೆಗಿರುತ್ತದೆ? ಡಿಕಿಯ ಗೆಳೆಯ ಫ್ರೆಡಿ ಮೈಲ್ಸ್, ಟಾಮ್ ರೋಮಿನಲ್ಲಿ ಡಿಕಿಯ ಹೆಸರಿನಲ್ಲಿ ಹಿಡಿದ ಮನೆಗೆ ಬಂದು, ಕೋಣೆಯಲ್ಲಿ ಅಡ್ಡಾಡುತ್ತ, ತಾತ್ಸಾರದಿಂದ ಪಿಯಾನೊದ ಮನೆಗಳನ್ನು ಒತ್ತುತ್ತ ನಿಂತಾಗ, ಟಾಮ್ ಸಿಕ್ಕಿಬೀಳುವನೆಂದು ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಸತ್ಯ ಬಯಲಾಗಲಿ ಎಂದು ಹಾರೈಸಬೇಕಾದ ನಾವು ಸುಳ್ಳಿಗೆ ಕಾವಲು ನಿಂತಿರುತ್ತೇವೆ. ಫ್ರೆಡಿಯ ತಿರಸ್ಕಾರ ನಮಗೂ ತಾಗಿರುತ್ತದೆ. ದೊಡ್ಡವರ ಬಾಗಿಲಲ್ಲಿ ಒಮ್ಮೆಯಾದರೂ ಸಣ್ಣವರಾಗಿ ನಿಂತವರಿಗೆ ಆ ನೋಟದ ಚುಚ್ಚು ಗೊತ್ತು. ಬೆವರು ಸುರಿಸದೆ ಎಲ್ಲವನ್ನೂ ಪಡೆದ ಡಿಕಿ, ತನಗೆ ಬೇಸರವಾದೊಡನೆ ಮನುಷ್ಯರನ್ನು ಕೈಬಿಡುತ್ತಾನೆ. ಅವನಿಂದ ಗರ್ಭಿಣಿಯಾದ ಊರ ಹುಡುಗಿ ಸಿಲ್ವಾನಾ ನೀರುಪಾಲಾಗುತ್ತಾಳೆ. ಅವಮಾನಕ್ಕೆ ಕೊಲೆ ಉತ್ತರವಲ್ಲ. ಹಾಗೆಂದು ಅವಮಾನಿಸಿದವರು ನಿರ್ದೋಷಿಗಳೂ ಅಲ್ಲ.

ವೆನಿಸ್‌ನಲ್ಲಿ ಟಾಮ್‌ಗೆ ಪೀಟರ್ ಹತ್ತಿರವಾಗುತ್ತಾನೆ. ಸಂಗೀತ ಬಲ್ಲ, ಸೌಮ್ಯ ಸ್ವಭಾವದ ಪೀಟರ್ ಅವನನ್ನು ಟಾಮ್ ಎಂದೇ ಅರಿತು ಪ್ರೀತಿಸುತ್ತಾನೆ. ಯಾರಿಗೂ ತಾನು ಬೇಡವೆಂದು ತಿಳಿದು ಹೆಸರನ್ನೇ ಹೂತುಹಾಕಿದವನಿಗೆ, ಆ ಹೆಸರಿಗಾಗಿಯೇ ಒಬ್ಬರು ಸಿಗುತ್ತಾರೆ. ಆದರೆ ಪೀಟರ್ ಜೊತೆ ಗ್ರೀಸಿಗೆ ಹೊರಟ ಹಡಗಿನಲ್ಲಿ, ಅವನನ್ನು ಡಿಕಿಯೆಂದೇ ಬಲ್ಲ ಮೆರೆಡಿತ್ ಎದುರಾಗುತ್ತಾಳೆ. ಆಕೆಯ ಜೊತೆ ಮನೆಯವರೆಲ್ಲ ಇದ್ದಾರೆ, ಪೀಟರ್ ಒಂಟಿ. ಟಾಮ್ ರಿಪ್ಲಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳು ಎಂದು ಟಾಮ್ ಪೀಟರ್‌ನನ್ನು ಕೇಳುತ್ತಾನೆ. ಆತ ಹೇಳುತ್ತಿರುವಾಗಲೇ ಅವನ ಉಸಿರು ನಿಲ್ಲಿಸುತ್ತಾನೆ. ಬದುಕಿಡೀ ಕೇಳಬೇಕೆಂದಿದ್ದ ಮಾತು ಕೇಳಿಸಿತು, ಹೇಳುವವನು ಉಳಿಯಲಿಲ್ಲ. ಇದಕ್ಕಿಂತ ಘೋರವಾದ ಶಿಕ್ಷೆಯನ್ನು ಯಾವ ನ್ಯಾಯಾಲಯ ವಿಧಿಸೀತು?

ಪೆಟ್ರೀಷಿಯಾ ಹೈಸ್ಮಿತ್ 1955ರ ಮೂಲ ಕಾದಂಬರಿಯಲ್ಲಿ ರಿಪ್ಲಿಗೆ ಡಿಕಿಯ ಆಸ್ತಿಯನ್ನೂ ಸ್ವಾತಂತ್ರ್ಯವನ್ನೂ ಕೊಟ್ಟು ಬಿಟ್ಟುಬಿಡುತ್ತಾರೆ. 1960ರಲ್ಲಿ ಇದೇ ಕಥೆಯನ್ನು ಅಲೆನ್ ಡೆಲೋನ್ ಅವರನ್ನು ನಾಯಕನಾಗಿಸಿ ತೆರೆಗೆ ತಂದ ಫ್ರೆಂಚ್ ನಿರ್ದೇಶಕ ರೆನೆ ಕ್ಲೆಮಾಂ, ಕೊಲೆಯಾದ ಗೆಳೆಯನ ಶವವನ್ನು ದೋಣಿಯ ಹಿಂದೆಯೇ ದಡಕ್ಕೆ ಎಳೆತಂದು ಅಪರಾಧಿಯನ್ನು ಪೊಲೀಸರ ಮುಂದೆ ತಂದು ನಿಲ್ಲಿಸುತ್ತಾರೆ. ಮಿಂಗೆಲ್ಲಾ ಅವನನ್ನು ಜೈಲಿಗೆ ಕಳಿಸುವುದಿಲ್ಲ, ಸುಖವಾಗಿರಲೂ ಬಿಡುವುದಿಲ್ಲ. ಮೂರು ಮುಗಿತಾಯಗಳಲ್ಲಿ ಮನುಷ್ಯನ ಮನಸ್ಸಿಗೆ ಹೆಚ್ಚು ಸತ್ಯವಾಗಿರುವುದು ಮಿಂಗೆಲ್ಲಾ ಅವರದೇ ಎಂದು ನಾನು ನಂಬಿದ್ದೇನೆ.