ಹಳೆಯ ಕತ್ತಿಯ ಬೆಲೆ

ಮಂಗಳೂರಿನಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯಿಂದ ಮಡಿಕೇರಿ, ಮೈಸೂರುಗಳ ದಾರಿ ಕವಲೊಡೆಯುವ ಊರು ಮಾಣಿ. ಬಂಟ್ವಾಳ ತಾಲ್ಲೂಕಿನ ಈ ಊರಿನಲ್ಲಿ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದ ಭಕ್ತರೊಬ್ಬರು ಅಧ್ಯಾಪಕರಾಗಿದ್ದಾರೆ. ಕಳೆದ ಮಳೆಗಾಲದ ಕೊನೆಯಲ್ಲಿ ಕೊಡಗಿಗೆ ಹೋಗುವಾಗ ಅವರ ಮನೆಯಲ್ಲಿ ಒಂದು ರಾತ್ರಿ ಬಿಡಾರ ಮಾಡಿದ್ದೆವು. ಪೂಜೆ, ಪ್ರಸಾದಗಳು ಮುಗಿದ ಬಳಿಕ ಅವರ ಮಗ, ಇಂಜಿನಿಯರಿಂಗ್ ಓದಿದ ತರುಣ, ಬಟ್ಟೆಯಲ್ಲಿ ಸುತ್ತಿದ್ದ ಕತ್ತಿಯೊಂದನ್ನು ತಂದು ನಮ್ಮ ಮುಂದಿರಿಸಿದನು.

"ಬುದ್ಧಿ, ಇದನ್ನು ಇಲ್ಲಿಯೇ ಹತ್ತಿರದ ಒಬ್ಬ ಅಜ್ಜಿಯಿಂದ 300 ರೂಪಾಯಿಗೆ ಕೊಂಡೆ. ಬೆಂಗಳೂರಿನವರೊಬ್ಬರು 6,000 ಕೊಡುತ್ತೇನೆ ಎನ್ನುತ್ತಿದ್ದಾರೆ. ಅಪ್ಪ ಇದು ತಪ್ಪು ಎನ್ನುತ್ತಾರೆ. ತಪ್ಪು ಎಲ್ಲಿದೆ ಎಂಬುದನ್ನು ತಾವು ಹೇಳಬೇಕು" ಎಂದನು.

ಸನ್ಯಾಸಿಗೂ ಕತ್ತಿಯ ವ್ಯಾಪಾರಕ್ಕೂ ಏನು ಸಂಬಂಧವೆಂದು ವಾಚಕರು ನಗಬಹುದು. ನಮಗೂ ಮೊದಲು ಹಾಗೆಯೇ ಅನಿಸಿತು. ಆದರೆ ಆ ಕತ್ತಿಯನ್ನು ಕೈಗೆತ್ತಿಕೊಂಡಾಗ ಅದು ಕೇವಲ ಹಳೆಯ ಕಬ್ಬಿಣವಲ್ಲವೆಂಬುದು ಯಾರಿಗಾದರೂ ತಿಳಿಯುವಂತಿತ್ತು. ಕರಾವಳಿ ಮಲೆನಾಡುಗಳಲ್ಲಿ ದುಡಿಯುವ ಗಂಡಸರು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ತೋಟ ಕಾಡುಗಳಿಗೆ ಹೋಗುವ ಕತ್ತಿ ಅದು. ತುದಿಯಲ್ಲಿ ಬಾಗಿ, ಬೆನ್ನಿನಲ್ಲಿ ದಪ್ಪವಾಗಿ, ಬಾಯಿಗೆ ಬರುತ್ತ ಎಲೆಯಂತೆ ತೆಳುವಾಗಿತ್ತು. ಮೈ ಮೆತ್ತನೆಯ ಕಬ್ಬಿಣ, ಬಾಯಿ ಮಾತ್ರ ಉಕ್ಕು. ಎರಡನ್ನೂ ಕೊಲಿಮೆಯಲ್ಲಿ ಕೂಡಿಸಿ ಬಡಿದಿದ್ದರು. ಈಗಿನ ಕತ್ತಿಗಳು ಬಹುಮಟ್ಟಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಆಗುತ್ತವೆ. ಅವೂ ಕೆಟ್ಟವಲ್ಲ; ಆದರೆ ಈ ಬೆಸುಗೆಯ ಕೆಲಸ ಅಪರೂಪವಾಗುತ್ತಿದೆ. ನಮ್ಮ 'ಉಕ್ಕು' ಎಂಬ ಮಾತೇ ಇಂಗ್ಲಿಷಿನಲ್ಲಿ 'ವೂಟ್ಜ್' ಆಯಿತೆಂದು ಅನೇಕ ವಿದ್ವಾಂಸರ ಮತ. ದಕ್ಷಿಣದ ಈ ಉಕ್ಕಿನ ಗುಟ್ಟನ್ನು ಅರಿಯಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1819ರ ಸುಮಾರಿಗೆ ಪ್ರಯೋಗ ನಡೆಸಿದ್ದನು. ಅಂತಹ ವಿದ್ಯೆಯ ಕೊನೆಯ ಎಳೆಗಳು ಹಳ್ಳಿಯ ಆಚಾರಿಗಳ ಕೈಯಲ್ಲಿ ಉಳಿದಿವೆ.

ಕಾಡಿನ ಬಳಕೆಗೆಂದು ಕೈಯಿಂದಲೇ ಮಾಡಿದ ಕತ್ತಿ ಚೂರಿಗಳನ್ನು, ನಾಣ್ಯ ಅಂಚೆಚೀಟಿಗಳಂತೆ, ಕೂಡಿಸುವವರು ಜಗತ್ತಿನಾದ್ಯಂತ ಇದ್ದಾರಂತೆ. ಅಮೆರಿಕದ ಫ್ಲೋರಿಡಾದಲ್ಲಿ 1930ರ ದಶಕದ ಕೊನೆಯಲ್ಲಿ ರ‍್ಯಾಂಡಲ್ ಎಂಬವರು ಆರಂಭಿಸಿದ ಕಾರ್ಖಾನೆಯ ಚೂರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕಾಯಲಾರದವರು ಅದನ್ನು ಮತ್ತೊಬ್ಬರಿಂದ ಹೆಚ್ಚು ಬೆಲೆ ತೆತ್ತು ಕೊಳ್ಳುತ್ತಾರೆ. ಅಲ್ಲಿ ಕೊಡುವವನೂ ಬಲ್ಲವನು, ಕೊಳ್ಳುವವನೂ ಬಲ್ಲವನು. ಅವರ ನಡುವೆ ಬೆಲೆ ಎಷ್ಟೇ ಏರಿದರೂ ಅದು ಅವರ ಚಪಲಕ್ಕೆ ಬಿಟ್ಟದ್ದು. ನಮಗೆ ಅದರಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಮಾಣಿಯ ಅಜ್ಜಿಯ ವಿಷಯ ಹಾಗಲ್ಲ.

ತರುಣನು ತನ್ನ ಪಕ್ಷವನ್ನು ಚೆನ್ನಾಗಿಯೇ ಮಂಡಿಸಿದನು. ತಾನು ಒಂದು ಸುಳ್ಳನ್ನೂ ಹೇಳಿಲ್ಲ. ಅಜ್ಜಿ ಕೇಳಿದ್ದು 200, ತಾನೇ ನೂರು ಹೆಚ್ಚು ಕೊಟ್ಟದ್ದು. ಕತ್ತಿ ಅವಳ ಹಿತ್ತಿಲ ಸೂರಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಗುಜರಿಯವನು ತೂಕಕ್ಕೆ ಒಯ್ಯುತ್ತಿದ್ದನು. ತುಕ್ಕು ತೆಗೆದು, ಸಾಣೆ ಹಿಡಿಸಿ, ಬೇಕಾದವರನ್ನು ಹುಡುಕಿದ್ದು ತನ್ನ ಶ್ರಮ. ಹಾಗಾದರೆ ಬೆಲೆ ಇರುವುದು ಕತ್ತಿಯಲ್ಲಿಯೋ, ತನ್ನ ತಿಳಿವಳಿಕೆಯಲ್ಲಿಯೋ?

ಈ ಪ್ರಶ್ನೆ ಹೊಸದಲ್ಲ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗಾಗಿ ಬರೆದ ಕರ್ತವ್ಯಗಳ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾನೆ. ಒಬ್ಬನು ಹಿತ್ತಾಳೆಯೆಂದು ಭಾವಿಸಿ ಚಿನ್ನವನ್ನು ಮಾರುತ್ತಿದ್ದಾನೆ. ಸಜ್ಜನನು ಅದು ಚಿನ್ನವೆಂದು ತಿಳಿಸಬೇಕೋ, ಸುಮ್ಮನೆ ಸಾವಿರದ ವಸ್ತುವನ್ನು ಒಂದಕ್ಕೆ ಕೊಳ್ಳಬೇಕೋ? ಡಯೋಜಿನಿಸನೆಂಬ ತತ್ತ್ವಜ್ಞನು ತಿಳಿಸಬೇಕಾದ ಹೊಣೆಯಿಲ್ಲವೆಂದನು. ಅವನ ಶಿಷ್ಯ ಆಂಟಿಪೇಟರನು ತಿಳಿಸಲೇಬೇಕೆಂದನು. ಸಿಸೆರೊ ಶಿಷ್ಯನ ಕಡೆಗೆ ವಾಲಿದನು. ವಿಶ್ವವಿದ್ಯಾಲಯದಲ್ಲಿ ಇದನ್ನು ಓದುವಾಗ ನಮಗೆ ಗುರುವಿನ ವಾದವೇ ಬಲವಾಗಿ ಕಂಡಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಪೇಟೆಯಲ್ಲಿ ಪ್ರತಿಯೊಬ್ಬನೂ ತನ್ನ ಅರಿವನ್ನೆಲ್ಲ ಬಿಚ್ಚಿಟ್ಟರೆ ವ್ಯಾಪಾರ ನಡೆಯುವುದು ಹೇಗೆ?

ತರುಣನನ್ನು ಒಂದೇ ಮಾತು ಕೇಳಿದೆವು: "ಅಜ್ಜಿ ಕೇಳಿದ್ದು ಇನ್ನೂರಾದರೆ, ಆ ಹೆಚ್ಚಿನ ನೂರು ರೂಪಾಯಿಯನ್ನು ಏಕೆ ಕೊಟ್ಟೆ?"

ಅವನು ತುಸು ಹೊತ್ತು ಸುಮ್ಮನಿದ್ದನು. "ಏಕೋ ಮನಸ್ಸು ತಡೆಯಲಿಲ್ಲ, ಬುದ್ಧಿ" ಎಂದನು.

ಆ ನೂರು ರೂಪಾಯಿ ಔದಾರ್ಯವಲ್ಲ; ಒಳಗಿನ ಸಾಕ್ಷಿಗೆ ಕೊಟ್ಟ ಲಂಚ. ತಾನು ಬಲ್ಲದ್ದು ಆ ಅಜ್ಜಿಗೂ ತಿಳಿದಿದ್ದರೆ ಆ ಬೆಲೆಗೆ ಕೊಡುತ್ತಿರಲಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಮೌನವು ಎಲ್ಲೆಡೆಯೂ ದೋಷವಲ್ಲ, ಆದರೆ ಎದುರಿನವರ ಅಜ್ಞಾನವೇ ನಮ್ಮ ಲಾಭದ ಬುಡವಾದಾಗ ಆ ಮೌನ ಕೈಚಾಚಿ ತೆಗೆದುಕೊಂಡಂತೆಯೇ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ನಮ್ಮ ವಾಚಕರಿಗೆ ಹೊಸತಲ್ಲ. ಮಾರಯ್ಯನು ಕದ್ದಿರಲಿಲ್ಲ, ನೆಲದಲ್ಲಿ ಬಿದ್ದುದನ್ನೇ ಆಯ್ದಿದ್ದನು.

ಹೀಗೆಂದ ಮಾತ್ರಕ್ಕೆ ತಿಳಿವಳಿಕೆಗೆ ಕೂಲಿಯಿಲ್ಲವೆಂದು ಅರ್ಥವಲ್ಲ. ಚಿನ್ನವನ್ನು ಒರೆಗೆ ಹಚ್ಚುವ ಚಿನಿವಾರನೂ ತನ್ನ ಕೂಲಿಯನ್ನು ಪಡೆಯುತ್ತಾನೆ. ಆದರೆ ಒರೆಯ ಫಲವನ್ನು ಹೇಳಿದ ಮೇಲೆ ಪಡೆಯುತ್ತಾನೆ, ಬಚ್ಚಿಟ್ಟು ಅಲ್ಲ. ಅಜ್ಜಿಗೂ ತರುಣನಿಗೂ ಪಾಲು ಎಷ್ಟೆಷ್ಟು ಎಂದು ತೂಗಿ ಹೇಳುವ ತಕ್ಕಡಿ ನಮ್ಮಲ್ಲಿಲ್ಲ. ಮೊದಲು ತಿಳಿಸಲಿ, ಆಮೇಲೆ ಅವರಿಬ್ಬರೂ ಕುದುರಿಸಿಕೊಂಡದ್ದೇ ಬೆಲೆ.

ಮಾರುವಾಗಲೂ ಇದೇ ನಿಯಮ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಹೊಸ ಕತ್ತಿಗೆ ಹುಳಿ ಬಳಿದು ಕಪ್ಪೇರಿಸಿ ಅಜ್ಜನ ಕಾಲದ್ದೆನ್ನುವವರೂ, ಹಿಡಿ ಬದಲಿಸಿದ್ದನ್ನು ಮುಚ್ಚಿಡುವವರೂ ಇದ್ದಾರೆಂದು ಅವನೇ ಹೇಳಿದನು. ಶಾಸನದ ಕಟ್ಟಳೆಗಳೂ ಇವೆ. ಕೃಷಿ, ಗೃಹಬಳಕೆಗಳಿಗಲ್ಲದ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚೂರಿಗಳು ಆಯುಧಗಳ ಕಾನೂನಿಗೆ ಒಳಪಡುತ್ತವೆ. ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳ ವ್ಯಾಪಾರಕ್ಕೆ 1972ರ ಅಧಿನಿಯಮದಂತೆ ಪರವಾನಗಿ ಬೇಕು. ಮಾಣಿಯ ಕವಲುದಾರಿಯ ಆ ತುದಿಯಲ್ಲಿರುವ ಕೊಡಗಿನ ಪೀಚೆಕತ್ತಿ, ಒಡಿಕತ್ತಿಗಳನ್ನು ಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಕೈಲ್ ಪೊಳ್ದಿನ ದಿನ ಪೂಜೆಗೊಳ್ಳುವ ಮನೆತನದ ಆಯುಧವನ್ನು ಮಾರಲು ಬರುವವನ ಹಿಂದೆ ಏನು ಸಂಕಟವಿದೆಯೋ ಬಲ್ಲವರಾರು? ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿರುವ ತುಳು ಬದುಕಿನ ವಸ್ತುಸಂಗ್ರಹಾಲಯದಲ್ಲಿಯೂ ಧರ್ಮಸ್ಥಳದ ಮಂಜೂಷಾದಲ್ಲಿಯೂ ಹಳೆಯ ವಸ್ತುಗಳು ಎಲ್ಲರ ಕಣ್ಣಿಗೆ ಸಿಗುವಂತಿವೆ. ಒಬ್ಬರ ಕಪಾಟು ಸೇರಿದ ಕತ್ತಿಗೆ ಆ ಭಾಗ್ಯವಿಲ್ಲ.

ಮರುದಿನ ಬೆಳಿಗ್ಗೆ ತಂದೆ ಮಗನೊಡನೆ ನಾವೂ ಅಜ್ಜಿಯ ಮನೆಗೆ ಹೋದೆವು. ನಮಗೆ ತುಳು ಬಾರದು. ಅಧ್ಯಾಪಕರು ಕನ್ನಡದಲ್ಲಿ ತಿಳಿಸುತ್ತಿದ್ದರು. ಆರು ಸಾವಿರವೆಂದು ಕೇಳಿ ಅಜ್ಜಿ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಹುಲ್ಲು ಸೊಪ್ಪು ಕೊಯ್ದ ಕತ್ತಿಗೆ ಅಷ್ಟು ಹಣ ಕೊಡುವವನಿಗೆ ಬುದ್ಧಿ ನೆಟ್ಟಗಿದೆಯೇ ಎಂದಳು. ಆಮೇಲೆ ಸ್ವಲ್ಪವೂ ಅಳುಕದೆ, "ಹಾಗಾದರೆ ಅರ್ಧ ಕೊಡು ಮಗಾ" ಎಂದಳು. ತರುಣನು ಒಪ್ಪಿದನು. ನಾವು ಏಳುವ ಹೊತ್ತಿಗೆ ಅವಳೇ ಕೇಳಿದಳು: "ಇದನ್ನು ಮಾಡಿದ ಆಚಾರಿಗೆ ನಾವು ಕೊಟ್ಟದ್ದು ನಾಲ್ಕು ಸೇರು ಅಕ್ಕಿ. ಅವರ ಮಗ ಈಗ ಗೇಟು ಬೆಸುಗೆ ಹಾಕಿಕೊಂಡಿದ್ದಾನೆ. ಅವನಿಗೆ ಏನು?"

ಮಡಿಕೇರಿಯ ದಾರಿಯುದ್ದಕ್ಕೂ ಆ ಮಾತು ನಮ್ಮನ್ನು ಬಿಡಲಿಲ್ಲ. ಚಿತ್ರವು ಮತ್ತೆ ಮಾರಾಟವಾದಾಗ ಕಲಾವಿದನಿಗೂ ಒಂದು ಪಾಲು ಸಲ್ಲಬೇಕೆಂದು ಫ್ರಾನ್ಸ್ ದೇಶವು 1920ರಲ್ಲಿಯೇ ಕಾನೂನು ಮಾಡಿತು. ನಮ್ಮ ಕೃತಿಸ್ವಾಮ್ಯದ ಕಾನೂನಿಗೂ 1994ರಲ್ಲಿ ಅಂತಹ ವಿಧಿಯೊಂದು ಸೇರಿದೆ. 10,000 ರೂಪಾಯಿ ಮೀರಿದ ಮರುಮಾರಾಟದಲ್ಲಿ ಶೇಕಡ 10ರ ವರೆಗೆ ಪಾಲು. ಚಿತ್ರ, ಶಿಲ್ಪ, ಹಸ್ತಪ್ರತಿಗಳಿಗೆ ಅದು ಅನ್ವಯಿಸುತ್ತದೆ. ಕತ್ತಿಯ ಹೆಸರು ಅಲ್ಲಿಲ್ಲ. ಕಮ್ಮಾರನ ಕಾಯಕವನ್ನು ಕಲೆಯೆಂದು ಕೊಳ್ಳುವಾಗ ಒಪ್ಪುವ ಲೋಕ, ಹಣ ಹಂಚುವಾಗ ಅದನ್ನು ಹತಾರವೆನ್ನುತ್ತದೆ.

ಮೊನ್ನೆ ಅಧ್ಯಾಪಕರ ಪತ್ರ ಬಂದಿತು. ಮಗನು ಆ ಆಚಾರಿಯ ಮಗನಲ್ಲಿಗೆ ಹೋಗಿ, ತಂದೆಯ ಕತ್ತಿಯನ್ನು ತೋರಿಸಿ, ಅಂಥದೇ ಒಂದನ್ನು ಮಾಡಿಕೊಡಲು ಕೇಳಿದನಂತೆ. ಕೊಲಿಮೆ ಹಚ್ಚದೆ ವರ್ಷಗಳಾದವು, ತಿದಿ ಹರಿದಿದೆ, ಇದ್ದಿಲು ತಂದುಕೊಟ್ಟರೆ ನೋಡೋಣ ಎಂದು ಉತ್ತರ ಬಂದಿದೆ. ಹುಡುಗ ಈಗ ಇದ್ದಿಲು ಹುಡುಕುತ್ತಿದ್ದಾನೆ.